ಅಕ್ಕನ ತೋಟದ ಮೈನ್ಸ್

ಯುದ್ಧವು ಮನುಷ್ಯನನ್ನು ನೆಲೆಯಿಲ್ಲದವನನ್ನಾಗಿ ಮಾಡುತ್ತದೆ ಎಂಬುದು ಲೋಕವೆಲ್ಲ ಒಪ್ಪಿರುವ ಗಂಭೀರ ಸತ್ಯ. ನಮ್ಮ ಊರಿಗಾಂನಲ್ಲಿ ಅದಕ್ಕೆ ಅಷ್ಟು ಖರ್ಚಿನ ಏರ್ಪಾಡು ಬೇಕಾಗಲಿಲ್ಲ. ಚಿನ್ನದ ಗಣಿಯ ಗೇಟಿಗೆ, ಮುಚ್ಚಿದೆ ಎಂದು ಒಂದು ನೋಟೀಸು ಅಂಟಿಸಿದ್ದೇ ಸಾಕಾಯಿತು.

ಮೊನ್ನೆ, ಈಗ ನಾನಿರುವ ಬಂಗಾರಪೇಟೆಯಲ್ಲಿ, ಗೋಧಿ ಬೀಸಿಸಲು ಗಿರಣಿಯ ಮುಂದೆ ನಿಂತಿದ್ದೆ. ನನಗಿಂತ ಮುಂದಿದ್ದವರು ಮೆಣಸಿನಕಾಯಿ, ಸೋಂಪು, ಕರಿಬೇವು ಎಲ್ಲವನ್ನೂ ಕರ್ರಗೆ ಹುರಿದು ತಂದಿದ್ದರು. ಆ ಘಾಟಿಗೆ ಕಣ್ಣಲ್ಲಿ ನೀರು ಬಂತು. ಘಾಟಿಗೇ ಎಂದಿಟ್ಟುಕೊಳ್ಳೋಣ. ನನಗೆ ತಿಳಿದಂತೆ ಸಾರಿನ ಪುಡಿಗೆ ಹಾಗೆ ಹುರಿಯುತ್ತಿದ್ದವರು ಒಬ್ಬರೇ... ನಮ್ಮ ಸಿಲೋನ್ ಅಕ್ಕ.

ಅಲ್ಲಿನ ಒಂದು ಕಾರ್ಖಾನೆಯ ಕೆಲಸಕ್ಕೆಂದು ದಾವಣಗೆರೆಯಿಂದ ಬಂದ ನಾನು ಊರಿಗಾಂನಲ್ಲಿ ಗಣಿ ಕೆಲಸಗಾರರ ಸಾಲುಮನೆಗಳ ಲೈನಿನ ಪಕ್ಕದಲ್ಲೇ ಬಾಡಿಗೆಗಿದ್ದೆ. ಅಕ್ಕ ನನಗಿಂತ ಚಿಕ್ಕವರು. ಆದರೂ ಎಲ್ಲರಿಗೂ ಅಕ್ಕ. ಸಿಲೋನಿನಲ್ಲಿ ಯುದ್ಧ ಜೋರಾದಾಗ ದೋಣಿ ಹತ್ತಿ ಬಂದವರು. ತಮಿಳುನಾಡಿನ ನಿರಾಶ್ರಿತರ ಕ್ಯಾಂಪಿನಲ್ಲಿದ್ದಾಗ ಅಲ್ಲಿನ ನರ್ಸೊಬ್ಬರು, ನಮ್ಮ ಲೈನಿನಲ್ಲಿದ್ದ ತಮ್ಮ ಸೋದರಿಯ ಮನೆಗೆ ಕಳಿಸಿಕೊಟ್ಟಿದ್ದರು. ಅದು ಗಣಿಯೊಳಗೆ ಬಂಡೆ ಸಿಡಿಸುವ ಕೆಲಸದ ಮೇಸ್ತ್ರಿಯ ಮನೆ.

ಆಶ್ರಯ ಕೊಟ್ಟ ದೇಶದ ಕರ್ತವ್ಯಗಳನ್ನು ಕುರಿತು ದೊಡ್ಡವರು ದೊಡ್ಡ ಸಭೆಗಳಲ್ಲಿ ಚರ್ಚಿಸುತ್ತಾರೆ. ನಮ್ಮ ಲೈನಿನಲ್ಲಿ ಆ ದೇಶವೆಂದರೆ ಮೇಸ್ತ್ರಿಯ ಹೆಂಡತಿ. ಅವರ ಸರ್ಕಾರಕ್ಕೆ ಇದ್ದದ್ದೇ ಒಂದು ಕೋಣೆ, ಹಿಂದೊಂದು ತಗಡಿನ ಮಾಡು. ಮಾಡನ್ನು ಅಕ್ಕನಿಗೆ ಬಿಟ್ಟುಕೊಟ್ಟರು. ಗಣಿ ಮುಚ್ಚಿದ ಮೇಲೆ ಪಾತ್ರೆಯಲ್ಲಿ ಅನ್ನ ಇಳಿಯಿತು. ಅಕ್ಕನ ತಟ್ಟೆಯಲ್ಲಿ ಇಳಿಯಲಿಲ್ಲ. ಅಕ್ಕ ಸಾರಿನ ಪುಡಿ ಮಾಡಿ ಮಾರಿ, ತಮ್ಮ ಪಾಲನ್ನು ಅಲ್ಲಿಗೇ ತಂದು ಹಾಕುತ್ತಿದ್ದರು.

ಇಷ್ಟಾದರೂ ಕೊಳಾಯಿಯ ಮುಂದೆ ನಿಂತರೆ ಅಕ್ಕನಿಗೆ ಕೃತಜ್ಞತೆ ಮರೆತುಹೋಗುತ್ತಿತ್ತು.

“ಇದೂ ನೀರಾ? ನಮ್ ತೋಟದ ಬಾವಿ ನೀರು ಕುಡೀಬೇಕು ನೀವು. ಎಳನೀರು ದೂರ ಇಡ್ತೀರ.”

“ಓಗಮ್ಮ, ಓಗಿ ಒಂದ್ ಕೊಡ ತಂದ್ಬುಡು. ಕ್ಯೂನಲ್ಲಿ ಜಾಗ ನಾವ್ ನೋಡ್ಕೊಂತೀವಿ” ಎಂದು ಹೆಂಗಸರು ರೇಗಿಸುತ್ತಿದ್ದರು.

ಯುದ್ಧ ಮುಗಿಯಿತು. ಅಕ್ಕನ ತಮ್ಮ ಅಲ್ಲಿಂದ ಮೇಸ್ತ್ರಿಯ ಮಗಳ ಮೊಬೈಲಿಗೆ ತೋಟದ ಫೋಟೋ ಕಳಿಸಿದ. ಆಳೆತ್ತರದ ಹುಲ್ಲು, ದೂರದಲ್ಲಿ ಬಾವಿಕಟ್ಟೆ, ಮುಂದೆ ಒಂದು ಕೆಂಪು ಹಲಗೆ. ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ ‘ಮೈನ್ಸ್’. ಕೆಳಗೆ ತಮಿಳಿನಲ್ಲಿ ಅರ್ಧ ಹುಲ್ಲಿಗೆ ಮರೆಯಾದ ಮಾತು. ಕಾಣುತ್ತಿದ್ದದ್ದು ‘ವೆಡಿ’ ಎಂಬುದಷ್ಟೇ. ಜೊತೆಗೊಂದು ತಲೆಬುರುಡೆ.

ಬೇರೆ ಊರಿನವರಾಗಿದ್ದರೆ ಬೆಚ್ಚುತ್ತಿದ್ದರು. ನಮ್ಮವರಿಗೆ ತಲೆಬುರುಡೆ ಹೊಸದಲ್ಲ, ಗಣಿಯ ಕರೆಂಟಿನ ಮನೆಗಳ ಮೇಲೆಲ್ಲ ಇತ್ತು. ವೆಡಿ ಎಂದರೆ ಬಂಡೆಗೆ ಇಡುವ ಸಿಡಿಮದ್ದು. ಮೇಸ್ತ್ರಿ ಆಯುಷ್ಯವೆಲ್ಲ ಇಟ್ಟದ್ದು ಅದನ್ನೇ. ಇನ್ನು ಮೈನ್ಸ್ ಎಂಬ ಮಾತಿಗೆ ನಮ್ಮಲ್ಲಿ ಒಂದೇ ಅರ್ಥ, ಚಿನ್ನದ ಗಣಿ. ಅಕ್ಕನ ತೋಟದಲ್ಲಿ ಚಿನ್ನ ಸಿಕ್ಕಿದೆ ಎಂದು ಲೈನು ಸರ್ವಾನುಮತದಿಂದ ತೀರ್ಮಾನಿಸಿತು. ಮೇಸ್ತ್ರಿ ಆಂಡರ್ಸನ್‌ಪೇಟೆಯಿಂದ ಜಿಲೇಬಿ ತರಿಸಿದರು.

“ಏನ್ ಸಾರ್, ನೋಡುದ್ರಾ? ಇಲ್ಲಿ ಮುಚ್ಚಿದ್ದನ್ನ ದೇವ್ರು ಅಲ್ಲಿ ತೆಗ್ದವ್ನೆ” ಎಂದರು ನನಗೆ. ಆಮೇಲೆ ಅಕ್ಕನ ಕಡೆ ತಿರುಗಿ, “ನಂಗೂ ಒಂದ್ ಕೆಲ್ಸ ಕೊಡ್ಸಮ್ಮ. ಸಂಬಳ ನೀನ್ ಯೋಳಿದ್ದೇ.”

ಅಕ್ಕ ತಮ್ಮ ಪಾಲಿನ ಜಿಲೇಬಿಯನ್ನು ಪೂರ್ತಿ ತಿಂದರು. ಬೆರಳು ಒರೆಸಿಕೊಂಡರು. ಆಮೇಲೆ, “ಅಣ್ಣಾ, ಇದು ಅಗೆಯೋ ಮೈನ್ಸ್ ಅಲ್ಲ. ಯುದ್ಧದಲ್ಲಿ ಹೂತಿಟ್ಟಿರೋ ಮದ್ದು. ತುಳಿದ್ರೆ ಕಾಲು ಹೋಗುತ್ತೆ” ಎಂದರು.

ಉಳಿದವರ ಕೈಯಲ್ಲಿದ್ದ ಜಿಲೇಬಿ ಕೈಯಲ್ಲೇ ಉಳಿಯಿತು. ಮೇಸ್ತ್ರಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಗಣಿಯ ಕೆಲಸದಲ್ಲಿದ್ದಾಗ ಅವರು ಇಟ್ಟ ಮದ್ದನ್ನೆಲ್ಲ ಎಣಿಸುತ್ತಿದ್ದರು; ಒಂದು ಸಿಡಿಯದೆ ಉಳಿದರೂ ಅದಕ್ಕೊಂದು ಗತಿ ಕಾಣಿಸುವವರೆಗೆ ಆ ಜಾಗಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ.

“ಎಲ್ಲೆಲ್ಲಿ ಇಟ್ಟವ್ರೆ ಅಂತ ಇಟ್ಟೋರ್ಗೆ ಗೊತ್ತಿರ್ತದಲ್ಲಮ್ಮ?”

“ಇಟ್ಟೋರು ಉಳಿದಿಲ್ಲ ಅಣ್ಣಾ.”

ಆ ಮುದುಕರ ಮುಖ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಗಣಿ ಮುಚ್ಚಿದ ದಿನವೂ ಅವರು ಹಾಗೆ ಬಿಳಿಚಿಕೊಂಡಿರಲಿಲ್ಲ. ಮದ್ದಿಟ್ಟು, ಲೆಕ್ಕವಿಡದೆ ಎದ್ದು ಹೋಗುವ ಮನುಷ್ಯರು ಇರಬಹುದೆಂದು ಅವರಿಗೆ ಅಷ್ಟು ವಯಸ್ಸಾದರೂ ತಿಳಿದಿರಲಿಲ್ಲ... ನನಗೂ ತಿಳಿದಿರಲಿಲ್ಲ ಅನ್ನಿ.

ಆಮೇಲೆ ಕಾಯುವ ಕೆಲಸ. ಯುದ್ಧ ಮುಗಿಯಿತಲ್ಲ, ಇನ್ನೂ ಯಾಕೆ ಹೋಗಿಲ್ಲ ಎಂದು ಯಾರಾದರೂ ಕೇಳಿದರೆ ಮೇಸ್ತ್ರಿಯ ಹೆಂಡತಿ, “ನಿನ್ ಕಾಲ್ ಕೊಡ್ತೀಯಾ, ಓಗ್ತಾಳೆ” ಎನ್ನುತ್ತಿದ್ದರು. ಕೆಲವು ವರ್ಷಗಳ ನಂತರ ತಮ್ಮ ಫೋನು ಮಾಡಿದ: ಯಂತ್ರ ಹಿಡಿದು ನೆಲವೆಲ್ಲ ಹುಡುಕಿದರು, ಹಲಗೆ ಕಿತ್ತರು, ಬಾ.

“ಬಾವಿ ಸುತ್ತಾನೂ ನೋಡವ್ರಾ? ಸರ್ಯಾಗ್ ಕೇಳ್ಕೊಳಮ್ಮ” ಎಂದರು ಮೇಸ್ತ್ರಿ.

“ನಿಮ್ ಮೈನ್ಸ್ ಮೇಲೆ ಇಷ್ಟು ವರ್ಷ ನಿದ್ದೆ ಮಾಡಿದ್ದೀನಿ. ಏನಾಯ್ತು?” ಎಂದು ಅಕ್ಕ ನಕ್ಕರು. ಹೊರಡುವಾಗ ಕೊಳಾಯಿ ಹತ್ತಿರ ನಿಂತು, “ಹೋಗಿ ಬರ್ತೀನಿ. ಬರುವಾಗ ಒಂದು ಕೊಡ ತರ್ತೀನಿ” ಎಂದರು. ಈ ಸಲ ಯಾರೂ ರೇಗಿಸಲಿಲ್ಲ.

ತಲುಪಿದೆನೆಂದು ಅಕ್ಕ ಒಂದು ಸಲ ಫೋನು ಮಾಡಿದರು. ಮುಂದಿನದು ತಮ್ಮನ ಫೋನು. ಮೇಸ್ತ್ರಿ ಕೇಳಿಸಿಕೊಂಡು, ಮೊಬೈಲನ್ನು ಮಗಳ ಕೈಗೆ ಕೊಟ್ಟು, ಒಳಗೆ ಹೋಗಿ ಮಲಗಿದರು.

ಗಿರಣಿಯವನು ಆ ಪುಡಿಯ ಹಿಂದೆಯೇ ನನ್ನ ಗೋಧಿ ಸುರಿದ. ಹಿಟ್ಟಿಗೆಲ್ಲ ಘಾಟು ಹತ್ತಿದೆ ಎಂದು ಮನೆಯಲ್ಲಿ ಬೈಸಿಕೊಂಡೆ.

ಅಕ್ಕ ಊರಿಗೆ ಹಿಂತಿರುಗಿದ ವಾರದಲ್ಲೇ, ಕೊಡ ಹಿಡಿದು ಬಾವಿಗೆ ಹೋದಾಗ, ಕಟ್ಟೆಯ ಬಳಿ ತೀರಿಕೊಂಡರು. ಕೆಂಪು ಹಲಗೆಯನ್ನು ಮತ್ತೆ ನೆಟ್ಟಿದ್ದಾರೆ.