ಅರ್ಧ ಗುಳಿಗೆ

ದಾಸನಕೊಪ್ಪದ ಔಷಧಿ ಅಂಗಡಿಯಲ್ಲಿ ಮಡಿವಾಳಪ್ಪ ಇಪ್ಪತ್ತೆರಡು ವರ್ಷದಿಂದ ಕೆಲಸಕ್ಕಿದ್ದ. ಅಂಗಡಿ ಬೇರೆಯವರದಾದರೂ ಊರವರ ಪಾಲಿಗೆ ಅಂಗಡಿಯೆಂದರೆ ಅವನೇ. ಡಾಕ್ಟರು ಚೀಟಿಯಲ್ಲಿ ಗೀಚಿದ್ದನ್ನು ಓದಿ ಹೇಳುವವನು ಅವನು, ಊಟಕ್ಕೆ ಮುಂಚೆಯೋ ಆಮೇಲೋ ಎಂದು ಎರಡು ಸಲ ತಿಳಿಸಿ ಹೇಳುವವನೂ ಅವನು. ಬರಬರುತ್ತ ಜನ ಚೀಟಿ ತರುವುದನ್ನೇ ಬಿಟ್ಟರು. “ಮಡಿವಾಳಪ್ಪಣ್ಣ, ಸೊಂಟ ಹಿಡದೈತಿ, ಏನರ ಕೊಡು” ಎಂದರೆ ಮುಗಿಯಿತು. ಯಾರಾದರೂ “ಡಾಕ್ಟ್ರೇ” ಎಂದು ಕೂಗಿದರೆ ನಗುತ್ತ ತಿರುಗಿ ನೋಡುತ್ತಿದ್ದ. ಆ ಮಾತು ಅವನಿಗೆ ಹಿತವಾಗಿತ್ತು.

ಅವನ ನೆರೆಮನೆ ಗಿರಿಜವ್ವನದು. ಅರವತ್ತು ದಾಟಿದ ಹೆಂಗಸು, ಒಬ್ಬಳೇ ಇದ್ದಳು. ಜೋಳದ ರೊಟ್ಟಿ ಬಡಿದು ಶಿರಸಿಯ ಖಾನಾವಳಿಗಳಿಗೆ ಕಳಿಸುತ್ತಿದ್ದಳು. ಜೋಳದ ಚೀಲ ಇದ್ದಲ್ಲಿ ಇಲಿ ತಪ್ಪುವುದಿಲ್ಲವೆಂದು ಸಾಕಿದ ಬೆಕ್ಕು ಬೂದಿ. ಹೆಸರಿಗೆ ತಕ್ಕ ಬಣ್ಣ. ಒಲೆಯ ಮುಂದೆ ಕೂತು ಗಿರಿಜವ್ವ ಅದರ ಸಂಗಡ ಮನುಷ್ಯರೊಡನೆ ಆಡುವ ಹಾಗೆ ಮಾತಾಡುತ್ತಿದ್ದಳು.

ಹೋದ ವರ್ಷ ಸಂಕ್ರಾಂತಿ ಕಳೆದ ವಾರ ಬೂದಿ ಯಾವುದೋ ಗಡವ ಬೆಕ್ಕಿನ ಜೊತೆ ಕಚ್ಚಾಡಿ ಕುಂಟುತ್ತ ಬಂತು. ಎರಡು ದಿನ ಮೂಲೆ ಬಿಟ್ಟು ಏಳಲಿಲ್ಲ. ಗಿರಿಜವ್ವ ಮಡಿವಾಳಪ್ಪನನ್ನು ಕರೆದಳು.

“ಮೈ ಕೆಂಡ ಆಗೈತೋ ಎಪ್ಪಾ. ಹಾಲೂ ಮುಟ್ಟವಲ್ದು. ಶಿರಸಿ ದವಾಖಾನಿಗೆ ಒಯ್ಯಲೇನು?”

“ಇಷ್ಟಕ್ಕ ಶಿರಸಿ ಯಾಕಬೇ? ಕೂಸಿಗೆ ಜ್ವರ ಬಂದ್ರ ಏನ್ ಕೊಡ್ತೀವಿ? ಅದನ್ನ ಕೊಡೂಣು. ಅರ್ಧಾ ಸಾಕು.”

ಜ್ವರದ ಗುಳಿಗೆಯನ್ನು ಅವನೇ ಮುರಿದ. ಅರ್ಧವನ್ನು ಪುಡಿ ಮಾಡಿ, ತುಪ್ಪದಲ್ಲಿ ಕಲಸಿ, ಬೂದಿಯ ದವಡೆ ಒತ್ತಿ ಬಾಯಿ ತೆರೆಸಿ ಬೆರಳಿನಿಂದ ಒಳಗೆ ಸವರಿದ. ಸಂಜೆ ಬಂದು ಉಳಿದರ್ಧವನ್ನೂ ಹಾಕಿದ. ಗಿರಿಜವ್ವ ಅವನಿಗೆ ಚಹಾ ಮಾಡಿಕೊಟ್ಟಳು.

ಬೆಳಗಾಗುವಷ್ಟರಲ್ಲಿ ಬೂದಿಯ ಮುಖ ಊದಿತ್ತು. ಬಾಯಿ ತೆರೆದು ಉಸಿರಾಡುತ್ತಿತ್ತು. ಒಸಡು ಕಾಫಿಪುಡಿಯ ಬಣ್ಣಕ್ಕೆ ತಿರುಗಿತ್ತು. ಅಂದು ಮದುವೆ ಮನೆಯೊಂದಕ್ಕೆ ಐದುನೂರು ರೊಟ್ಟಿ ಹೋಗಬೇಕಿತ್ತು. ಗಿರಿಜವ್ವ ಒಲೆ ಬಿಟ್ಟು ಏಳುವಂತಿರಲಿಲ್ಲ. ಮಡಿವಾಳಪ್ಪ ಬೆಕ್ಕನ್ನು ಬುಟ್ಟಿಯಲ್ಲಿಟ್ಟು, ಬಟ್ಟೆ ಮುಚ್ಚಿ, ಬೈಕಿನಲ್ಲಿ ಶಿರಸಿಗೆ ಒಯ್ದ.

ಪಶುವೈದ್ಯೆ ಅಭಿಜ್ಞಾ ಒಸಡು ನೋಡಿದವರೇ ಕೇಳಿದರು: “ಜ್ವರದ ಮಾತ್ರೆ ಏನಾದ್ರೂ ಹಾಕಿದ್ರಾ ಇದಕ್ಕೆ?”

ಕೇಳಿದ ರೀತಿಯಲ್ಲೇ ಅವನಿಗೆ ಅರ್ಥವಾಯಿತು. ಹಿಂದೆ ಬೆಂಚಿನ ಮೇಲೆ ಅವನ ಊರಿನ ಇಬ್ಬರು ನಾಯಿ ಹಿಡಿದು ಕೂತಿದ್ದರು. ಇಬ್ಬರೂ ಅವನ ಕೈಯಿಂದ ಗುಳಿಗೆ ನುಂಗಿದವರೇ.

“ಇಲ್ರೀ.”

“ಸರಿಯಾಗಿ ನೆನಪು ಮಾಡ್ಕೊಳ್ಳಿ.”

“ಇಲ್ರೀ ಡಾಕ್ಟ್ರೇ. ಮನ್ಯಾಗ ಇಲಿ ಪಾಷಾಣ ಇಟ್ಟಿದ್ರು. ಪಾಷಾಣ ತಿಂದ ಇಲೀನ ಇದು ಹಿಡದು ತಿಂದಿರಬೇಕು.”

ಪಾಷಾಣ ಇಟ್ಟದ್ದು ಸುಳ್ಳಲ್ಲ. ತಿಂಗಳ ಹಿಂದೆ ಗಿರಿಜವ್ವ ಅಟ್ಟದ ಮೇಲೆ ಇಟ್ಟಿದ್ದಳು. ವೈದ್ಯೆಗೆ ಪೂರಾ ಒಪ್ಪಿಗೆಯಾದಂತೆ ಕಾಣಲಿಲ್ಲ. ಆದರೂ ಅವನ ಮಾತಿನ ಮೇಲೆಯೇ ಔಷಧಿ ಮಾಡಿದರು. ಮಧ್ಯಾಹ್ನ ಮೂರಕ್ಕೆ ಬೂದಿ ಅದೇ ಬುಟ್ಟಿಯಲ್ಲಿ ಸತ್ತಿತು.

“ಪಾಷಾಣ ಅಂದ್ರು” ಎಂದು ಅವನು ಹೇಳಿದಾಗ ಗಿರಿಜವ್ವ ಹಿಟ್ಟಿನ ಕೈಯಲ್ಲೇ ಗೋಡೆ ಹಿಡಿದು ಕೂತಳು. “ಹಂಗಾರ ಕೊಂದಾಕಿ ನಾನ. ನೀ ಗುಳಿಗಿ ಕೊಟ್ರೂ ಉಳೀಲಿಲ್ಲಲ್ಲೋ.”

ಆಗ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿಕೊಟ್ಟ, ಅಷ್ಟೇ.

ಹಿಂದಿನ ಬೀದಿಯ ಅನ್ನಪೂರ್ಣವ್ವ ಬೆಕ್ಕಿನ ಮರಿಯೊಂದನ್ನು ಸೆರಗಿನಲ್ಲಿ ತಂದರೆ ಗಿರಿಜವ್ವ ಬಾಗಿಲಿನಿಂದಲೇ ತಿರುಗಿ ಕಳಿಸಿದಳು. “ನನ್ನ ಕೈಗುಣ ಸರಿ ಇಲ್ಲವಾ. ಒಯ್ಯಿ.” ಅಟ್ಟದಲ್ಲಿ ಇಲಿ ಹೆಚ್ಚಿದವು. ಇನ್ನೊಮ್ಮೆ ಪಾಷಾಣ ತರಲು ಅವಳಿಗೆ ಧೈರ್ಯವಿರಲಿಲ್ಲ. ತೂತುಬಿದ್ದ ಚೀಲಗಳನ್ನು ಹೊಲಿಯುತ್ತ ಕೂತವಳನ್ನು ಕಂಡಾಗೆಲ್ಲ ಮಡಿವಾಳಪ್ಪ ಬೇರೆ ದಾರಿ ಹಿಡಿಯುತ್ತಿದ್ದ. ಬೆಕ್ಕು ಸತ್ತದ್ದಕ್ಕೆ ಇಷ್ಟು ದಿನ ಅಳುತ್ತಾರೆಯೇ ಎಂದು ಮೊದಮೊದಲು ತನಗೇ ಹೇಳಿಕೊಂಡ. ಆ ಸಮಾಧಾನ ಬಹಳ ದಿನ ನಿಲ್ಲಲಿಲ್ಲ.

ಸೆಪ್ಟೆಂಬರಿನಲ್ಲಿ ಶಾಲೆಯ ಬಯಲಿನಲ್ಲಿ ನಾಯಿ ಬೆಕ್ಕುಗಳಿಗೆ ಹುಚ್ಚುನಾಯಿ ರೋಗದ ಸೂಜಿ ಹಾಕಿದರು. ಮಡಿವಾಳಪ್ಪ ತನ್ನ ನಾಯಿಯನ್ನು ಹಿಡಿದು ಸಾಲಿನಲ್ಲಿ ನಿಂತಿದ್ದ. ಬಂದವರು ಅಭಿಜ್ಞಾ ಡಾಕ್ಟರೇ. ವರ್ಷಕ್ಕೊಮ್ಮೆ ಸೂಜಿ ತಪ್ಪಿಸಬೇಡಿ, ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿ ಕೇಳಿ ಹಾಕಿ, ಮೈಮೇಲೆ ಉಣ್ಣೆಹುಳ ಕಂಡರೆ ಸೀಮೆಎಣ್ಣೆ ಸವರಬೇಡಿ ಎಂದೆಲ್ಲ ಹೇಳಿ, ಕೊನೆಗೆ ಅಂದರು: “ನಿಮ್ಮ ಜ್ವರದ ಮಾತ್ರೆ ಮಾತ್ರ ಬೆಕ್ಕಿಗೆ ಕೊಡ್ಬೇಡಿ. ಅರ್ಧ ಸಾಕು ಸಾಯೋಕೆ. ಕೊಟ್ಟೇಬಿಟ್ಟಿದ್ರೆ ಮುಚ್ಚಿಡ್ಬೇಡಿ. ಅದಕ್ಕೆ ಮದ್ದಿದೆ. ಕಫ ಕರಗೋಕೆ ಮನುಷ್ಯರು ತಗೊಳ್ತಾರಲ್ಲ, ಅದೇ. ಬೇಗ ಗೊತ್ತಾದ್ರೆ ಕೆಲವು ಉಳೀತವೆ.”

ನಾಯಿಗೆ ಸೂಜಿ ಹಾಕಿಸಿ ಅವನು ನೆಟ್ಟಗೆ ಅಂಗಡಿಗೆ ಹೋದ. ಕಫದ ಔಷಧಿಯ ಪೆಟ್ಟಿಗೆ ಮೂರನೆಯ ಹಲಗೆಯ ಮೇಲಿತ್ತು. ತಿರುಗಿಸಿ ತಯಾರಾದ ದಿನ ಓದಿದ. ಬೂದಿ ಸಾಯುವಾಗಲೂ ಅದು ಅಲ್ಲೇ ಇತ್ತು, ಅವನ ಕೈಗೆ ಎಟಕುವಂತೆ.

ಊಟಕ್ಕೂ ಹೋಗದೆ ಗಿರಿಜವ್ವನ ಬಾಗಿಲಿಗೆ ಹೋಗಿ ನಿಂತ.

“ಗಿರಿಜವ್ವಾ, ಬೂದಿ ಪಾಷಾಣದಿಂದ ಸತ್ತಿಲ್ಲ. ನಾ ಕೊಟ್ಟ ಗುಳಿಗಿಯಿಂದ ಸತ್ತೈತಿ. ಡಾಕ್ಟ್ರು ಕೇಳಿದ್ರು. ಇಲ್ಲ ಅಂತ ಸುಳ್ಳು ಹೇಳಿದೆ.”

ಅವಳು ಹೊಲಿಯುತ್ತಿದ್ದ ಚೀಲವನ್ನು ಕೆಳಗಿಟ್ಟಳು.

“ಗೊತ್ತಿಲ್ದ ಕೊಟ್ಟಿ. ಅದಿರ್ಲಿ. ಎಂಟ್ ತಿಂಗಳು ನನ್ನ ಕೈ ನಾನ ಬೈಕೋತ ಕುಂತಿದ್ನಲ್ಲ, ಬಾಜೂಕ ಇದ್ದು ನೋಡಿದೆಲ್ಲ ನೀನು. ಅದಕ್ಕೇನ್ ಹೇಳ್ತಿ?”

“ತಪ್ಪಾತಬೇ” ಎಂದ. ಅವಳು ಎದ್ದು ಬಾಗಿಲು ಹಾಕಿಕೊಂಡಳು.

ಚೀಟಿಯಿಲ್ಲದೆ ಗುಳಿಗೆ ಕೊಡುವುದನ್ನು ಮಡಿವಾಳಪ್ಪ ಅಂದೇ ನಿಲ್ಲಿಸಿದ. ಜನ ಬೈದರು, ಸೊಕ್ಕು ಬಂದಿದೆ ಅಂದರು. ನಾಯಿಗೋ ಬೆಕ್ಕಿಗೋ ಔಷಧಿ ಕೇಳಿ ಬಂದವರಿಗೆ, “ನಾ ಒಂದು ಬೆಕ್ಕು ಕೊಂದೀನಿ, ನನ್ನ ಕೇಳಬ್ಯಾಡ್ರಿ, ಶಿರಸಿಗೆ ಒಯ್ಯಿರಿ” ಎಂದು ಎಲ್ಲರೆದುರೇ ಹೇಳುತ್ತಿದ್ದ.

ಗಿರಿಜವ್ವ ಯುಗಾದಿಯವರೆಗೆ ಅವನೊಡನೆ ಮಾತಾಡಲಿಲ್ಲ. ಆಮೇಲೊಂದು ಬೆಳಿಗ್ಗೆ ಚೀಲದಲ್ಲಿ ಕೆಂಚು ಮರಿಯೊಂದನ್ನು ಇಟ್ಟುಕೊಂಡು ಅಂಗಡಿಯ ಮುಂದೆ ಬಂದಳು. ಅನ್ನಪೂರ್ಣವ್ವನ ಮನೆಯಿಂದ ತಾನೇ ಹೋಗಿ ಕೇಳಿ ತಂದದ್ದಂತೆ.

“ಇದಕ್ಕ ಮೂರು ತಿಂಗಳಾತು. ಸೂಜಿ ಹಾಕಸೋ ವ್ಯಾಳ್ಯೇನು?”

“ಹೌದಬೇ. ತಡೀ, ಅಂಗಡಿಯವ್ರಿಗೆ ಹೇಳಿ ಬರ್ತೀನಿ. ಗಾಡಿ ಮ್ಯಾಲೆ ಹೋಗೂಣು.”

“ಬ್ಯಾಡ. ನಾನ ಒಯ್ತೀನಿ. ಡಾಕ್ಟ್ರ ಕೇಳಿದ್ದಕ್ಕ ನಾನ ಹೇಳ್ತೀನಿ.”

ಶಿರಸಿಯ ಬಸ್ಸು ಬಂತು. ಚೀಲವನ್ನು ಎದೆಗೆ ಅವಚಿಕೊಂಡು ಅವಳು ಹತ್ತಿದಳು. ಬಸ್ಸು ಹೊರಟ ಮೇಲೂ ಮಡಿವಾಳಪ್ಪ ಅಂಗಡಿಯ ಮೆಟ್ಟಿಲ ಮೇಲೇ ನಿಂತಿದ್ದ.