ಅಕ್ಕನ ಉಗ್ಗು, ತಂಗಿಯ ಪೇಜು

ಮನೆಯಲ್ಲಿ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದು ಅಪ್ಪ. ಲಿಫ್ಟ್ ರಿಪೇರಿ ಮಾಡುವ ಅಪ್ಪ ದಿನವಿಡೀ ಯಾವುದೋ ಕಟ್ಟಡದ ಕತ್ತಲೆ ಗುಂಡಿಯಲ್ಲಿ ಒಬ್ಬನೇ ಕಳೆದು ಬಂದು, ಚಪ್ಪಲಿ ಬಿಡುವಾಗಲೇ "ಏನಮ್ಮ ರೇಡಿಯೋ, ಇವತ್ತಿನ ವಾರ್ತೆ ಏನು?" ಎನ್ನುತ್ತಿದ್ದ. ಅಷ್ಟು ಅಂದರೆ ಸಾಕಿತ್ತು, ಊಟ ಮುಗಿದರೂ ವಾರ್ತೆ ಮುಗಿಯುತ್ತಿರಲಿಲ್ಲ. ಮಾರ್ಕೆಟಿಂಗ್ ಓದುತ್ತೇನೆ ಎಂದು ಅವಳು ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ.

ಅವಳ ಅಕ್ಕ ಉಗ್ಗುತ್ತಿದ್ದಳು. ಚಿಕ್ಕಂದಿನಿಂದಲೂ ಹಾಗೇ. ಕನ್ನಡಕದ ಅಂಗಡಿಯೊಂದರಲ್ಲಿ ಗಾಜನ್ನು ಅಳತೆಗೆ ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಕೌಂಟರಿನಲ್ಲಿ ನಿಂತರೆ ಗಿರಾಕಿಗಳ ಜತೆ ಮಾತಾಡಬೇಕೆಂದು ತಾನಾಗಿಯೇ ಹಿಂದಿನ ಕೋಣೆಯನ್ನು ಕೇಳಿ ಪಡೆದಿದ್ದಳು. ಹೊರಗೆ ಬಾಯಿ ಬಿಡದ ಅಕ್ಕ ತಂಗಿಯ ಜತೆ ಮಾತ್ರ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು ಗಂಟೆಗಟ್ಟಲೆ ಹರಟುತ್ತಿದ್ದಳು. ಮಾತು ಎಲ್ಲಿ ಸಿಕ್ಕಿಕೊಂಡರೂ ಅಲ್ಲಿ ಅವಸರವಿರಲಿಲ್ಲ.

ಹಾಗೆ ಕೂತಿದ್ದಾಗ ಒಮ್ಮೆ ಅಕ್ಕ ಹೇಳಿದ್ದಳು. "ಹೋಟ್ಲಲ್ಲಿ ನಾನು ಯಾವಾಗ್ಲೂ ಟೀ ಹೇಳ್ತೀನಲ್ಲ, ಅದು ಇಷ್ಟ ಅಂತ ಅಲ್ಲ. ಇನ್ನೊಂದರ ಹೆಸರು ಬಾಯಿಗೆ ಬರಲ್ಲ ಅಷ್ಟೆ. ಆ ಅಕ್ಷರ ನಂಗೆ ಆಗಿಬರಲ್ಲ ನೋಡು."

"ಯಾವುದು, ಕಾಫೀನಾ? ಮತ್ತೆ ಕೆಲಸ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ? ಕನ್ನಡಕದಲ್ಲಿ ಎರಡು ಕ ಇದೆಯಲ್ಲೇ!"

"ಅದಕ್ಕೇ ಮುದುಕರ ಹಾಗೆ ಚಾಳೀಸಿನ ಅಂಗಡಿ ಅಂತೀನಿ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಗು ನಿಂತ ಮೇಲೆ ಅಕ್ಕ, "ಯಾರಿಗೂ ಹೇಳ್ಬೇಡ, ಆಯ್ತಾ" ಅಂದಿದ್ದಳು. ಹೇಳುವುದಿಲ್ಲ ಎಂದು ರೇಡಿಯೋ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದ್ದಳು.

ಎರಡನೇ ವರ್ಷದಲ್ಲಿ ಕಾಲೇಜಿನ ಮೇಡಂ ಒಂದು ಕೆಲಸ ಕೊಟ್ಟರು. ಪ್ರತಿಯೊಬ್ಬರೂ ಸಾಮಾಜಿಕ ಜಾಲತಾಣದಲ್ಲಿ ತಮ್ಮ ಹೆಸರಿನಲ್ಲೇ ಒಂದು ಪೇಜ್ ತೆರೆದು, ತಮ್ಮನ್ನೇ ಒಂದು ಬ್ರ್ಯಾಂಡ್ ಆಗಿ ಬೆಳೆಸಬೇಕು. ಯಾವ ವಿಡಿಯೋ ಎಷ್ಟು ಜನರನ್ನು ಮುಟ್ಟಿತು, ಎಲ್ಲಿ ನೋಡುವುದನ್ನು ಬಿಟ್ಟರು ಎಂಬುದನ್ನೆಲ್ಲ ಟೂಲ್‌ಗಳಲ್ಲಿ ಅಳೆದು ವರದಿ ಒಪ್ಪಿಸಬೇಕು. ರೇಡಿಯೋಗೆ ಇದು ನೀರು ಕುಡಿದಷ್ಟು ಸುಲಭ ಅನ್ನಿಸಿತು. ಅಂಗಡಿಯವರಿಗೆ ಸಲಹೆ, ಜಾಹೀರಾತಿಗೆ ಸಲಹೆ ಎಂದು ಒಂದರ ಹಿಂದೊಂದು ವಿಡಿಯೋ ಹಾಕಿದಳು. ನೋಡಿದವರು ಅಪ್ಪ, ಅಮ್ಮ, ಅಕ್ಕ ಮತ್ತು ಯಾರೋ ಗೊತ್ತಿಲ್ಲದ ಒಬ್ಬ ಪುಣ್ಯಾತ್ಮ.

ಮೇಡಂ ಪೇಜನ್ನು ನೋಡಿ, "ಈ ಸಲಹೆ ಎಲ್ಲ ಕಡೆ ಸಿಗುತ್ತೆ. ಇದರಲ್ಲಿ ನೀನೆಲ್ಲಿದ್ದೀಯಮ್ಮ? ಬ್ರ್ಯಾಂಡ್ ಅಂದ್ರೆ ಲೋಗೋ ಅಲ್ಲ, ಕಥೆ. ನಿನ್ನ ಕಥೆ ಹೇಳು" ಅಂದರು.

ಹೇಳಲು ಅವಳ ಬಳಿ ಕಥೆ ಇರಲಿಲ್ಲ. ಜ್ವರ ಬಂದರೂ ಮೂರನೇ ದಿನಕ್ಕೆ ಇಳಿಯುತ್ತಿದ್ದ ಮೈ ಅವಳದು. ಜನ ಇಂಟರ್ನೆಟ್ಟಿನಲ್ಲಿ ಏನನ್ನು ಹುಡುಕುತ್ತಾರೆ ಎಂದು ತೋರಿಸುವ ಟೂಲ್ ಒಂದನ್ನು ತೆರೆದು, ಅದೂ ಇದೂ ಹಾಕಿ ನೋಡುತ್ತ ಕೂತಳು. ಭಯವಿಲ್ಲದೆ ಮಾತಾಡುವುದು ಹೇಗೆ ಎಂದು ಹುಡುಕುವವರು ಬಹಳ. ಉಗ್ಗು ಬಿಡಿಸುವುದು ಹೇಗೆ ಎಂದು ಹುಡುಕುವವರೂ ಬಹಳ, ಆದರೆ ಅದಕ್ಕೆ ಉತ್ತರ ಹೇಳುವವರು ಬೆರಳೆಣಿಕೆಯಷ್ಟು. ಕೇಳುವವರು ಹೆಚ್ಚು, ಕೊಡುವವರು ಕಡಿಮೆ ಇರುವ ಜಾಗದಲ್ಲೇ ಅಂಗಡಿ ಇಡಬೇಕು ಎಂದು ಮೇಡಂ ಕಲಿಸಿದ್ದರು.

ಮರುದಿನ ಅಕ್ಕ ಕೆಲಸಕ್ಕೆ ಹೋದ ಮೇಲೆ, ಇಬ್ಬರೂ ಮಲಗುವ ಕೋಣೆಯ ಕಿಟಕಿ ಬೆಳಕಿಗೆ ಮುಖ ಕೊಟ್ಟು ಕೂತು ಅವಳು ವಿಡಿಯೋ ಮಾಡಿದಳು. "ಹೈಸ್ಕೂಲ್ ಮುಗಿಯೋವರೆಗೂ ನಾನು ಉಗ್ಗ್ತಾ ಇದ್ದೆ. ಕಾಫಿ ಇಷ್ಟ ಇದ್ರೂ ಟೀ ಕೊಡಿ ಅಂತಿದ್ದೆ. ಯಾಕೆ ಗೊತ್ತಾ?" ಎಂದು ಶುರು ಮಾಡಿ, ನಡುವೆ ಉಗ್ಗಿಯೂ ತೋರಿಸಿದಳು. ಕೊನೆಗೆ, "ನಾನು ಗೆದ್ದೆ. ನೀವೂ ಗೆಲ್ತೀರಿ" ಅಂದಳು. ಹೇಳುವಾಗ ಗಂಟಲು ನಿಜವಾಗಿಯೇ ಕಟ್ಟಿಬಂತು. ಅದನ್ನು ತೆಗೆಯದೆ ಹಾಗೇ ಉಳಿಸಿಕೊಂಡಳು.

ಆ ವಿಡಿಯೋ ಕಾಳ್ಗಿಚ್ಚಿನಂತೆ ಹಬ್ಬಿತು. ಮನೆಯವರ ಕಣ್ಣಿಗೆ ಬೀಳದಂತೆ ಅವಳು ಮೊದಲೇ ಅವರನ್ನು ಬ್ಲಾಕ್ ಮಾಡಿ ಪೇಜಿನಿಂದ ಹೊರಗಿಟ್ಟಿದ್ದಳು. ಮೇಡಂ ಅದನ್ನು ತರಗತಿಯಲ್ಲಿ ಹಾಕಿ, "ನೋಡಿ, ಇದು ಪ್ರಾಮಾಣಿಕತೆ ಅಂದ್ರೆ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳೂ ತಲೆ ತಗ್ಗಿಸಿ ನಕ್ಕಳು. ವಿನಯವೆಂದು ಎಲ್ಲರೂ ತಿಳಿದರು.

ಪೇಜಿಗೆ ಬಂದ ಸಂದೇಶಗಳಲ್ಲಿ ಒಬ್ಬ ನರ್ಸಿನದೂ ಇತ್ತು. ದೊಡ್ಡ ಆಸ್ಪತ್ರೆಯಲ್ಲಿ ಇಂಟರ್ವ್ಯೂ ಇದೆ, ಹೆಸರು ಹೇಳುವುದೇ ನನಗೆ ಕಷ್ಟ, ನಿಮಗೆ ಹೇಗೆ ಬಿಟ್ಟಿತು ಹೇಳಿ ಅಕ್ಕಾ, ಎಂದು ಬರೆದಿದ್ದಳು. ತನಗಿಂತ ದೊಡ್ಡವಳು ತನ್ನನ್ನು ಅಕ್ಕಾ ಎಂದದ್ದು ರೇಡಿಯೋಗೆ ಹಿತವಾಯಿತು. ಕನ್ನಡಿ ಮುಂದೆ ನಿಂತು ದಿನಾ ಗಟ್ಟಿಯಾಗಿ ಓದಿ, ಒಳಗೆ ಹೋಗುವ ಮುಂಚೆ ಜೋರಾಗಿ ಉಸಿರೆಳೆದುಕೊಳ್ಳಿ, ಉಗ್ಗು ನಮ್ಮ ಮನಸ್ಸಿನಲ್ಲಿದೆ ಅಷ್ಟೆ, ಎಂದು ಬಾಯಿಗೆ ಬಂದದ್ದನ್ನು ಬರೆದಳು.

ಕೆಲವು ದಿನಗಳ ನಂತರ ಉತ್ತರ ಬಂತು. ರೇಡಿಯೋ ಅದನ್ನು ಬಸ್ಸಿನಲ್ಲಿ ನಿಂತೇ ಓದಿದಳು.

"ನೀವು ಹೇಳಿದ ಹಾಗೇ ಮಾಡಿದೆ ಅಕ್ಕಾ. ಒಳಗೆ ಹೋದ ಮೇಲೆ ಹೆಸರೇ ಬರಲಿಲ್ಲ. ಅವರು ನೀರು ಕೊಟ್ಟರು. ಆಮೇಲೆ ಇನ್ನೊಂದು ದಿನ ಬನ್ನಿ ಅಂದರು. ಕರೆಯಲ್ಲ ಅಂತ ಗೊತ್ತಾಯಿತು. ತಪ್ಪು ನನ್ನದೇ. ಇನ್ನೂ ಮನಸ್ಸು ಗಟ್ಟಿ ಮಾಡಬೇಕಿತ್ತು. ನಿಮ್ಮ ಸಮಯ ಹಾಳು ಮಾಡಿದೆ, ಕ್ಷಮಿಸಿ."

ಪಕ್ಕದವರು ಓದಿಬಿಟ್ಟಾರೆಂದು ಫೋನನ್ನು ಎದೆಗೆ ಒತ್ತಿ ಹಿಡಿದಳು. ಮೋಸ ಮಾಡಿದವಳು ತಾನು, ಕ್ಷಮೆ ಕೇಳಿದವಳು ಆ ಹೆಂಗಸು. ಇಳಿಯುವ ಸ್ಟಾಪು ದಾಟಿ ಎಷ್ಟೋ ಮುಂದೆ ಹೋದ ಮೇಲೆ ಎಚ್ಚರವಾಯಿತು.

ಅಕ್ಕನಿಗೆ ರಜೆಯಿದ್ದ ದಿನ ಅಡುಗೆಮನೆಯಲ್ಲಿ ಇಬ್ಬರೇ ಇದ್ದರು. ಅಕ್ಕ ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದಳು.

"ಅಕ್ಕಾ, ನಾನೊಂದು ವಿಡಿಯೋ ಮಾಡಿದೀನಿ."

"ನೋಡಿದೆ."

"ಯಾವಾಗ?"

"ಆಗ್ಲೇ. ಅಂಗಡಿಯ ಓನರು ತೋರಿಸಿದ್ರು."

ಅಕ್ಕ ತಿರುಗಲಿಲ್ಲ. ತಟ್ಟೆಯನ್ನು ಉಜ್ಜುತ್ತಲೇ ಹೇಳಿದಳು. ನಿನ್ನ ತಂಗಿಗೂ ಹಾಗಿತ್ತಾ, ಗೊತ್ತೇ ಇರಲಿಲ್ವಲ್ಲ ಅಂದರಂತೆ ಓನರು. ಅಕ್ಕ ಹೌದು ಅಂದಳಂತೆ. ಅವಳು ಹಟ ಹಿಡಿದು ಬಿಡಿಸಿಕೊಂಡಳು ನೋಡು, ನೀನ್ಯಾಕೆ ಮನಸ್ಸು ಮಾಡಬಾರದು ಅಂದರಂತೆ. ಅದಕ್ಕೂ ಅಕ್ಕ ತಲೆಯಾಡಿಸಿದ್ದಳು.

"ಸುಳ್ಳು ಅಂತ ಹೇಳ್ಬೇಕಿತ್ತು ನೀನು!"

"ಹೇಳಿ? ನಿನ್ನ ಮಾನ ತೆಗೀಲಾ?"

ಅಕ್ಕ ನಲ್ಲಿ ನಿಲ್ಲಿಸಿದಳು.

"ನಟನೇನೂ ಚೆನ್ನಾಗಿರಲಿಲ್ಲ. ಮ ಮ ಮ ಅಂತ ಆಡಿನ ಹಾಗೆ ಅಂದೆ. ನಂಗೆ ಹಾಗಾಗಲ್ಲ. ಶಬ್ದವೇ ಬರಲ್ಲ, ಗಂಟಲಿಗೆ ಬೀಗ ಬೀಳತ್ತೆ." ತಟ್ಟೆಯನ್ನು ಕವುಚಿಟ್ಟು ಮತ್ತೆ ಅಂದಳು. "ಉಗ್ಗು ಎಲ್ಲರಿಗೂ ಗೊತ್ತಿರೋದೇ ಬಿಡು. ಆ ಹೋಟ್ಲು ವಿಷಯ ನಿಂಗೊಬ್ಬಳಿಗೇ ಹೇಳಿದ್ದೆ."

ಅಳು ಬಂದರೂ ಅಳಲು ತನಗೆ ಯಾವ ಹಕ್ಕೂ ಇಲ್ಲವೆನ್ನಿಸಿ ತಂಗಿ ತುಟಿ ಕಚ್ಚಿಕೊಂಡಳು. ಅಕ್ಕ ಒದ್ದೆ ಕೈ ಒರೆಸಿಕೊಂಡು ಒಳಗೆ ಹೋದಳು.

ಮಾರನೆಯ ದಿನ ರೇಡಿಯೋ ಕನ್ನಡಕದ ಅಂಗಡಿಗೆ ಹೋಗಿ, ಕೌಂಟರಿನ ಈಚೆ ನಿಂತು ಓನರಿಗೆ ನಿಜ ಹೇಳಿದಳು. ಅವರು ಕೈಲಿದ್ದ ಫ್ರೇಮನ್ನು ಬಟ್ಟೆಯಿಂದ ಒರೆಸಿದ್ದನ್ನೇ ಒರೆಸುತ್ತ, "ಸರಿ ಹೋಗಮ್ಮ, ಗಿರಾಕಿ ಬರ್ತಾರೆ" ಅಂದರು. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಮೊದಲಿನ ವಿಡಿಯೋ ತೆಗೆದುಹಾಕಿ, ಅದು ಸುಳ್ಳೆಂದು ಹೇಳುವ ಇನ್ನೊಂದನ್ನು ಹಾಕಿದಳು. ಅಕ್ಕನ ಮಾತು ಎತ್ತಲಿಲ್ಲ. ಬೈಗುಳ ಬಂದವು, ಜತೆಗೆ ಹೊಗಳಿಕೆಯೂ ಬಂತು. ಎಂಥ ಧೈರ್ಯ ಎಂದವರೇ ಹೆಚ್ಚು. ಈ ಪೋಸ್ಟ್ ಚೆನ್ನಾಗಿ ಓಡುತ್ತಿದೆ, ಇನ್ನಷ್ಟು ಜನರಿಗೆ ತಲುಪಿಸಿ ಎಂದು ಫೋನು ಸೂಚನೆ ಕೊಟ್ಟಿತು. ಮೇಡಂ ಅವಳನ್ನು ಕರೆದು, "ಮೊದಲನೆಯದಕ್ಕಿಂತ ಇದೇ ಚೆನ್ನಾಗಿ ಕೆಲಸ ಮಾಡಿದೆ. ವರದಿಯಲ್ಲಿ ಇದನ್ನೇ ಮುಂದಿಡು" ಅಂದರು.

"ಬೇಡ ಮೇಡಂ. ಪೇಜ್ ಮುಚ್ತಾ ಇದೀನಿ."

"ಮತ್ತೆ ಅಂಕ?"

"ನೀವು ಕೊಟ್ಟಷ್ಟು."

ಪೇಜ್ ಮುಚ್ಚುವ ಮುಂಚೆ ನರ್ಸ್‌ಗೆ ನಾಲ್ಕು ಸಾಲು ಬರೆದಳು. ನನಗೆ ಯಾವತ್ತೂ ಉಗ್ಗಿರಲಿಲ್ಲ, ನಿಮ್ಮದೇನೂ ತಪ್ಪಿಲ್ಲ, ಎಂದು. ಆ ಹೆಂಗಸು ಓದಿದ್ದು ಗೊತ್ತಾಯಿತು. ಉತ್ತರ ಬರಲಿಲ್ಲ. ಬರಲಿ ಎಂದು ಕಾಯುವುದಕ್ಕೂ ಅವಳಿಗೆ ಮುಖವಿರಲಿಲ್ಲ.

ಅಕ್ಕ ಮಾತು ಬಿಡಲಿಲ್ಲ. ಊಟಕ್ಕೆ ಕರೆಯುತ್ತಿದ್ದಳು, ಬಟ್ಟೆ ಮಡಿಸಿಡುತ್ತಿದ್ದಳು, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದಳು. ಹಾಸಿಗೆಯ ಮೇಲೆ ಕಾಲು ಚಾಚಿ ಕೂರುವುದು ಮಾತ್ರ ನಿಂತುಹೋಯಿತು.

ರೇಡಿಯೋ ಓದು ಮುಗಿಸಿ ಕೆಲಸಕ್ಕೆ ಸೇರಿದ ವರ್ಷ, ಒಂದು ಬೆಳಿಗ್ಗೆ ತಾರಸಿಯಲ್ಲಿ ಅಮ್ಮ ಮತ್ತು ಅವಳು ಬಟ್ಟೆ ಒಣಹಾಕುತ್ತಿದ್ದರು. ಅಮ್ಮ ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡೇ, "ಆ ಹುಡುಗನ ಮನೆಯವರು ಬರೋ ವಾರ ಬರ್ತಾರಂತೆ" ಅಂದಳು.

"ಯಾವ ಹುಡುಗ?"

"ಅದೇ, ನಿಮ್ಮಕ್ಕ ಮೆಚ್ಚಿರೋನು. ವರ್ಷವಾಯ್ತಲ್ಲೇ! ನಿಂಗೆ ಹೇಳಿಲ್ವಾ? ಎಲ್ಲರಿಗಿಂತ ಮುಂಚೆ ನಿಂಗೇ ಹೇಳಿರ್ತಾಳೆ ಅಂದ್ಕೊಂಡಿದ್ದೆ."

"ಇಲ್ಲಮ್ಮ, ಹೇಳಿಲ್ಲ."

ಯಾಕೆಂದು ಅಮ್ಮ ಕೇಳುವ ಮೊದಲೇ ಅವಳು ಬಕೆಟ್ಟಿಗೆ ಬಗ್ಗಿ, ಅಕ್ಕನ ಕೆಲಸದ ಕೋಟನ್ನು ಎತ್ತಿ ಹಿಂಡತೊಡಗಿದಳು.