ಗಡಿ ದಾಟದ ಐದು ಕಾಳು

ಆಗ ನನಗ ಎಪ್ಪತ್ತೊಂದು. ಮೂರು ವರ್ಷದ ಹಿಂದಿನ ಮಾತು. ಹಳೇ ಸೀರಿ ಪದರ ಕೂಡಿಸಿ ಹೊಲಿದು ನೇಪಾಳಕ್ಕ ಕಳಿಸಿದ ನನ್ನ ಕೌದಿ ಇಪ್ಪತ್ತು ದಿನ ಎಲ್ಲೆಲ್ಲೋ ತಿರುಗಿ ಖಾನಾಪುರದ ನಮ್ಮ ಮನಿಗೇ ವಾಪಸ್ ಬಂತು. ಬಿಚ್ಚಿ ನೋಡಿದರ ಒಂದು ಮೂಲಿ ಕತ್ತರಿಯಿಂದ ಕೊಯ್ದಿತ್ತು. ಹರಿದದ್ದಲ್ಲ. ನೆಟ್ಟಗ, ಹೊಲಿಗಿ ಗುಂಟ, ಕೆಲಸ ಬಲ್ಲವರು ಕೊಯ್ದಂಗ. ಒಳಗಿದ್ದ ಐದು ಅಕ್ಕಿಕಾಳು ಇರಲಿಲ್ಲ.

ಆ ಕಾಳು ನಾನೇ ಹಾಕಿದ್ದು. ಕೌದಿ ಹೊಲಿದು ಮುಗಿಸೂಮುಂದ ಕಡೇ ಮೂಲಿ ಮುಚ್ಚೂಕಿಂತ ಮೊದಲು ಒಳಗ ಐದು ಕಾಳು ಹಾಕ್ತೀವಿ. ನಮ್ಮ ತವರಮನಿ ಕಡೆ ಜ್ವಾಳ, ಇಲ್ಲಿ ಖಾನಾಪುರದಾಗ ಅಕ್ಕಿ. ಕೌದಿ ಹೊಟ್ಟಿ ತುಂಬಿಸೋದು ಅಂತಾರ ಅದಕ್ಕ. ಹೊಟ್ಟಿ ತುಂಬದ ಕೌದಿ ಹೊದ್ದವರಿಗೆ ನಿದ್ದಿ ಹತ್ತೂದಿಲ್ಲ ಅಂತ ನಮ್ಮವ್ವ ಹೇಳ್ತಿದ್ಲು. ಖರೇನೋ ಸುಳ್ಳೋ ನಾ ನೋಡಿಲ್ಲ. ಖಾಲಿ ಹೊಟ್ಟೀದು ಒಂದೂ ಹೊಲಿದಿಲ್ಲ, ಹಿಂಗಾಗಿ ನೋಡೂ ಪ್ರಸಂಗ ಬರಲಿಲ್ಲ.

ಕೌದಿ ಬೇಕಂದಾಕಿ ಒಬ್ಬ ನೇಪಾಳದ ಹೆಣ್ಣಮಗಳು. ಅಕಿ ಗಂಡ ಇಲ್ಲಿ ಹಂಚಿನ ಕಾರ್ಖಾನ್ಯಾಗ ಕಾವಲು ಇದ್ದ. ಹನ್ನೆರಡು ವರ್ಷ ನಮ್ಮ ಬಾಜೂಕ ಒಂದು ಖೋಲಿಯೊಳಗ ಇದ್ರು. ಅಕಿ ಮಗಳು ಹುಟ್ಟಿದ್ದು ಇಲ್ಲೇ. ಹಡದ ದಿನ ಕೂಸಿನ ಕೆಳಗ ಹಾಸಾಕ ಏನೂ ಇರಲಿಲ್ಲ, ನಾ ಒಂದು ಕೌದಿ ಕೊಟ್ಟಿದ್ದೆ. ಪ್ರೀತಿ-ಗೀತಿ ಏನಲ್ಲ, ಮಳಿಗಾಲ, ನೆಲ ಒದ್ದಿ ಆಗಿತ್ತು. ಆಮೇಲೆ ಅವರು ತಮ್ಮ ದೇಶಕ್ಕ ಹೋದ್ರು. ನಾ ಮರೆತೆ. ಅಕಿ ಮರೆತಿರಲಿಲ್ಲ. ಆ ಹೊತ್ತಿಗೆ ಆ ಮಗಳೇ ಬಸುರಿ. ಮಗಳಿಗೆ ಹಾಸಿದಂಥಾ ಕೌದೀನೇ ಮೊಮ್ಮಗುವಿಗೂ ಬೇಕಂತ.

ನನ್ನ ಸೊಸಿ ಹೆಣ್ಣಮಕ್ಕಳ ಒಂದು ಸಂಘ ನಡೆಸ್ತಾಳ. ನಾವು ಏಳೆಂಟು ಮಂದಿ ಹೊಲೀತೀವಿ, ಅಕಿ ಫೋಟೋ ತಗದು ಫೋನಿನ್ಯಾಗ ಹಾಕಿ ಮಾರ್ತಾಳ. ಪುಣೆ, ಹುಬ್ಬಳ್ಳಿಗೆ ಹೋಗ್ತಿದ್ವು. ದೇಶದ ಹೊರಗ ಅಂತ ಹೋದದ್ದು ಇದೇ ಮೊದಲು. ಆ ಹೆಣ್ಣಮಗಳು ನೇಪಾಳದಾಗ ಕುಂತು ನಮ್ಮ ಫೋಟೋ ನೋಡಿ, ಗುರುತು ಹಿಡಿದು, ಫೋನ್ ಹಚ್ಚಿದ್ಲು. ರೊಕ್ಕ ಅಕಿ ಫೋನ್ ಒತ್ತಿದ ಕೂಡಲೇ ಬಂತು. ಕೌದಿ ಹಂಗ ಹೋಗಲಿಲ್ಲ.

ಕಳಿಸೂಮುಂದ ಒಂದು ಕಾಗದ ತುಂಬಬೇಕಿತ್ತು. ಸೊಸಿ ಓದೂದು, ನಾ ಹೇಳೂದು.

"ಸಾಮಾನು ಹೊಸದೋ ಹಳೇದೋ?"

"ಸೀರಿ ಹಳೇವು. ಕೌದಿ ಹೊಸದು."

"ಅತ್ತಿ, ಎರಡರಾಗ ಒಂದು ಹೇಳ್ರಿ."

"ಒಂದ ಹೆಂಗ ಹೇಳ್ಲಿ? ಇದ್ದದ್ದ ಅದು."

ಅಕಿ ಹಣಿ ಬಡಕೊಂಡು ತನಗ ತಿಳಿದಂಗ ಬರದ್ಲು. ಒಳಗ ಏನೈತಿ ಅಂತ ಒಂದು ಪ್ರಶ್ನೆ ಇತ್ತು. ಅರಿವಿ ಅಂದೆ. ಬಟ್ಟಿ ಬಿಟ್ಟು ಇನ್ನೇನೈತಿ? ಅಕ್ಕಿಕಾಳಿನ ಮಾತು ನನ್ನ ತಲಿಗೇ ಬರಲಿಲ್ಲ. ಐದು ಕಾಳನ್ನ ಯಾರು ಸಾಮಾನು ಅಂತಾರ?

ಗಡಿ ಮ್ಯಾಲಿನ ತಪಾಸಣಿಯವರು ಅಂದ್ರು. ವಾಪಸ್ ಬಂದ ಪಾರ್ಸಲಿನ ಜೋಡಿ ಇಂಗ್ಲೀಷಿನ ಕಾಗದ ಇತ್ತು. ಸೊಸಿ ಓದಿ ನನ್ನ ಮುಂದ ಹಿಡದ್ಲು, ನಾ ಏನೋ ಓದಾಕಿ ಅನ್ನುವಂಗ.

"ಕಾಳು ಹಾಕಿದ್ರೇನು ಇದರಾಗ?"

"ಹಾಕಿದ್ದೆ."

"ಅರಿವಿ ಅಷ್ಟೇ ಅಂತ ನಾ ಸಹಿ ಮಾಡಿ ಕೊಟ್ಟೀನಿ ಅತ್ತಿ! ನಾ ಸುಳ್ಳ ಬರದಂಗಾತಲ್ಲ."

"ನೀ ಕೇಳಿದ್ದೇನು, ಕಾಳ ಐತೇನು ಅಂತ?"

"ಕೌದಿಯೊಳಗ ಕಾಳ ಐತೇನು ಅಂತ ಯಾರ ಕೇಳ್ತಾರ?"

ಇಬ್ಬರದೂ ಖರೇನೇ ಇತ್ತು. ಅದಕ್ಕ ಜಗಳ ಬಗೆಹರೀಲಿಲ್ಲ. ಒಂದು ಸಲ ತಪ್ಪಾದರ ವಾಪಸ್ ಕಳಿಸ್ತಾರ, ಎರಡನೇ ಸಲ ಸಿಕ್ಕರ ಕಳಿಸಿದವರ ಹೆಸರಿಗೆ ಗುರುತು ಹಾಕ್ತಾರ, ಆಮೇಲೆ ಸಂಘದ ಪಾರ್ಸಲ್ ಒಂದೂ ಆ ಕಡೆ ಹೋಗೂದಿಲ್ಲ ಅಂದ್ಲು ಸೊಸಿ. ಅಷ್ಟರಾಗ ನೇಪಾಳದಿಂದ ಫೋನು. ಆ ಹೆಣ್ಣಮಗಳು ಈಗೂ ನಮ್ಮ ಕನ್ನಡಾನೇ ಮಾತಾಡ್ತಾಳ, ನಡುನಡುವ ಹಿಂದಿ.

"ಆಯಿ, ಕೌದಿ ಎಲ್ಲೈತಿ? ಡಾಕ್ಟರ್ ಇನ್ನ ಒಂದ ತಿಂಗಳ ಅಂದಾರ. ಕೂಸು ಮೊದಲ ಬರ್ತತೋ ಕೌದಿ ಮೊದಲ ಬರ್ತತೋ?"

"ಕೂಸಿಗೆ ತಡಿ ಅನ್ನು," ಅಂದೆ.

"ಅದು ನಿನ್ನ ಮಾತ ಕೇಳ್ತದೇನು? ನನ್ನ ಮಾತೇ ಅದರ ಅವ್ವ ಕೇಳೂದಿಲ್ಲ."

ಮತ್ತೊಮ್ಮೆ ಕಳಿಸ್ತೀನಿ ಅಂತ ಮಾತು ಕೊಟ್ಟೆ. ಕೊಯ್ದ ಮೂಲಿ ಹೊಲಿದೆ. ಸೊಸಿ ಎದುರಿಗೇ ಕುಂತು ನೋಡಿದ್ಲು, ಕಾಳು ಹಾಕಲಿಲ್ಲ ಅಂತ ಖಾತ್ರಿ ಮಾಡಿಕೊಂಡು ಎದ್ದು ಹೋದ್ಲು. ಮರುದಿನ ಮಧ್ಯಾಹ್ನ ಅಕಿ ಹೊರಗ ಹೋದಾಗ ನಾ ಕೌದಿ ನಟ್ಟನಡುವ ಮ್ಯಾಲ ಹಚ್ಚಿದ ತುಂಡು ಅರಿವಿಯ ಒಂದು ತ್ಯಾಪಿ ಬಿಚ್ಚಿ, ಐದು ಕಾಳು ಒಳಗ ದೂಡಿ, ಮತ್ತ ಹೊಲಿದೆ. ನಾಕು ಪದರ ಸೀರಿ, ಅದರ ನಡುವ. ಮೂಲಿ ಕೊಯ್ಯೋರು ನಡುವ ಕೊಯ್ಯೂದಿಲ್ಲ ಅಂತ ನನ್ನ ಲೆಕ್ಕ. ಹುಟ್ಟೂ ಕೂಸಿಗೆ ಹಸಿದ ಕೌದಿ ಹಾಸೂದು ನನಗ ಆಗೂದಿಲ್ಲ. ಆ ಹೊತ್ತಿಗೆ ಅದು ತಪ್ಪು ಅಂತ ಒಂದಿಷ್ಟೂ ಅನಿಸಲಿಲ್ಲ. ಕಣ್ಣು ನೋವು ಹತ್ತಿತ್ತು, ಕೆಲಸ ಮುಗೀತು ಅಂತ ಅಡ್ಡಾದೆ.

ಅದು ಪೋಸ್ಟಿಗೆ ಹೋಗೂದಕ್ಕ ಎರಡು ದಿನ ಮೊದಲು ಸೊಸಿಗೆ ಬೆಳಗಾವಿಯಿಂದ ಕರಿ ಬಂತು. ನಮ್ಮ ಸುತ್ತಲಿನ ದೇಶದವರೆಲ್ಲಾ ಕೂಡಿ ಒಂದು ಸಭಾ ಮಾಡ್ತಾರಂತ. ಸಣ್ಣಪುಟ್ಟವರು ಫೋನಿನ ಮ್ಯಾಲ ಒಬ್ಬರ ದೇಶದ ಸಾಮಾನು ಇನ್ನೊಬ್ಬರ ದೇಶಕ್ಕ ಹೆಂಗ ಮಾರಬೇಕು, ಏನೇನು ಅಡಚಣಿ, ಅದರ ಮಾತು. ಸೊಸಿ ನಮ್ಮ ಸುದ್ದಿ ಅವರಿಗೆ ಹೇಳಿದ್ಲು; ವಾಪಸ್ ಬಂದ ಕೌದಿ ತಗೊಂಡು ಬರ್ರಿ, ಹೊಲಿದವರನ್ನೂ ಕರಕೊಂಡು ಬರ್ರಿ ಅಂದಿದ್ರಂತ.

"ನನ್ನ ಯಾಕ? ಕೌದಿ ಒಯ್ದರ ಸಾಕಲ್ಲ."

"ಕೌದಿ ಮಾತಾಡೂದಿಲ್ಲ ಅತ್ತಿ."

"ನಾ ಮಾತಾಡಿದ್ರ ನಿನಗ ಬೇಕಾದ್ದ ಮಾತಾಡೂದಿಲ್ಲ."

"ಗೊತ್ತೈತಿ. ಬರ್ರಿ."

ಮರುದಿನ ಮುಂಜಾನೆ ಬಸ್ಸಿಗೆ ಹೋದ್ವಿ. ಕೌದಿ ತೊಡಿ ಮ್ಯಾಲ ಇಟ್ಟುಕೊಂಡು ಒಂದು ತಾಸು ಕುಂತದ್ದಕ್ಕ ಮೊಳಕಾಲು ಹಿಡದ್ವು. ಬೆಳಗಾವಿಯೊಳಗ ಆಟೋ ಕೋಟಿ ಗ್ವಾಡಿ ಸುತ್ತು ಹಾಕಿ, ಎರಡು ಕಡೆ ದಾರಿ ಕೇಳಿ, ಸಭಾದ ಕಟ್ಟಡಕ್ಕ ಮುಟ್ಟಿಸಿತು. ಒಳಗ ಚಳಿ ಬರೂ ಮಷೀನು ಹಚ್ಚಿದ್ರು. ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ಭೂತಾನ, ಎಲ್ಲಾ ಕಡೆಯವರು ಇದ್ರು. ಮಾತು ಇಂಗ್ಲೀಷಿನ್ಯಾಗ. ಕನ್ನಡದಾಗ ಕೇಳಾಕ ಕಿವಿಗೊಂದು ಯಂತ್ರ ಕೊಟ್ರು. ಎಲ್ಲಾ ದೇಶಕ್ಕೂ ಒಂದೇ ನಮೂನಿ ಕಾಗದ ಇರಬೇಕು, ಒಬ್ಬರು ತಪಾಸಣಿ ಮಾಡಿದ್ದನ್ನ ಇನ್ನೊಬ್ಬರು ನಂಬಬೇಕು, ವಾಪಸ್ ಬಂದ ಸಾಮಾನಿನ ಖರ್ಚು ಬಡವರ ಮ್ಯಾಲ ಬೀಳಬಾರದು. ಮಾತು ಚೊಲೋ ಇದ್ದವು. ಆದರ ಹೇಳಿದ್ದನ್ನೇ ನಾಕು ಮಂದಿ ಹೇಳಿದ್ರು. ಕಿವ್ಯಾಗಿನ ಹುಡುಗಿ ದನಿ ಮೆತ್ತಗಿತ್ತು, ನನಗ ಜೋಂಪು ಹತ್ತಿತು.

ಸೊಸಿ ಎದ್ದು ನಿಂತಾಗ ಎಚ್ಚರಾತು. ಅಕಿ ನಮ್ಮ ಕೌದಿ ಕಥಿ ಹೇಳಿದ್ಲು. ಮಂದಿ ನಕ್ರು. ಅಕಿನೂ ನಕ್ಕಳು, ನಕ್ಕು ಅಂದ್ಲು: "ಈಗ ಕಾಳು ಹಾಕಿಲ್ರಿ. ನನ್ನ ಕಣ್ಣಮುಂದ ಹೊಲಿದಾರ. ಅರಿವಿ ಅಷ್ಟೇ ಐತಿ ಅಂತ ಸಹಿ ಮಾಡ್ತೀನ್ರಿ. ನಾಳೆ ಕಳಿಸ್ತೀವ್ರಿ."

ನನ್ನ ಕೈ ಕೌದಿ ನಡುವನ ತ್ಯಾಪಿ ಮ್ಯಾಲೇ ಇತ್ತು.

ಮುಂದ ಕುಂತ ಒಬ್ಬ ದೊಡ್ಡ ಸಾಹೇಬರು, ನಮ್ಮ ಕಡೆಯವರೇ, ನನ್ನ ಕಡೆ ತಿರುಗಿ ಕೇಳಿದ್ರು. "ಅಜ್ಜಿ, ಆ ಕಾಳ ಹಾಕದಿದ್ರ ಏನಾಕ್ಕತ್ರಿ?"

"ನಿಮಗ ಊಟ ಕೊಡದ ಈ ಸಭಾ ಸಂಜಿತನಕ ನಡಸಿದ್ರ ಏನಾಕ್ಕತ್ರಿ?"

ಮತ್ತ ನಕ್ರು. ನಾ ನಗಿಸಾಕ ಹೇಳಿದ್ದಲ್ಲ. ನನ್ನ ಹೊಟ್ಟೀನೂ ಹಸಿದಿತ್ತು.

ಆಗ ನೇಪಾಳದಿಂದ ಬಂದ ಒಬ್ಬ ಹೆಣ್ಣಮಗಳು ಮಾತಾಡಿದ್ಲು. ವಯಸ್ಸಿನ್ಯಾಗ ನನ್ನ ಸೊಸಿ ವಾರಿಗಿ. ಅಕಿ ನಗಲಿಲ್ಲ. ಆ ಕಾಳು ಯಾಕ ತಡೀತೀವಿ ಗೊತ್ತೇನು ಅಂತ ಕೇಳಿದ್ಲು. ಒಂದು ಕಾಳಿನೊಳಗ ಒಂದು ಹುಳದ ತತ್ತಿ ಇದ್ದರ ಸಾಕು, ಅಲ್ಲಿ ಇರದ ಹುಳ ಅಲ್ಲಿಗೆ ಹೋಗ್ತೈತಿ. ತನ್ನ ಅಪ್ಪನ ಮನಿ ಕಣಜ ಹಿಂಗ ಹೊರಗಿಂದ ಬಂದ ಕಾಳಿನ ಹುಳದಿಂದ ಹಿಟ್ಟು ಆಗಿತ್ತಂತ. ಆ ವರ್ಷ ಬಿತ್ತಾಕ ಬೀಜ ಇರಲಿಲ್ಲ ಅಂದ್ಲು.

ಕಾಗದದಾಗ ಇದು ಇರಲಿಲ್ಲ. ಸೊಸಿ ಓದಿ ಹೇಳಿದ್ದು 'ತಡೆಹಿಡಿಯಲಾಗಿದೆ' ಅಂತ ಅಷ್ಟೇ. ಯಾಕ ಅಂತ ಯಾರರೆ ಮೊದಲೇ ಹೇಳಿದ್ರ ನಾ ಇಷ್ಟು ಹಟಾ ಮಾಡ್ತಿರಲಿಲ್ಲ. ನುಸಿ ಹತ್ತಿದ ಅಕ್ಕಿ ನನಗ ಗೊತ್ತಿಲ್ಲೇನು? ಮಳಿಗಾಲದಾಗ ಡಬ್ಬಿ ಮುಚ್ಚಳ ತಗದರ ಅಕ್ಕಿ ತಾನೇ ನಡೀತೈತಿ. ಆ ಐದು ಕಾಳು ತಗದದ್ದೂ ಅದೇ ಡಬ್ಬಿಯಿಂದ.

ಊಟಕ್ಕ ಎದ್ದಾಗ ಬಾಂಗ್ಲಾದೇಶದ ಒಬ್ಬ ವಯಸ್ಸಾದಾಕಿ ಬಂದು ಕೌದಿ ತಿರುವಿ ಹಿಂದಿನ ಮಗ್ಗಲು ನೋಡಿದ್ಲು. ಹೊಲಿಗಿ ಬಲ್ಲವರು ಹಿಂದಿನ ಮಗ್ಗಲನ್ನೇ ಮೊದಲು ನೋಡೂದು. ಅವರಲ್ಲೂ ಹಳೇ ಸೀರಿ ಹಿಂಗೇ ಹೊಲೀತಾರಂತ. ಭಾಷಾ ಬರಲಿಲ್ಲ. ಬೆರಳು ಹಚ್ಚಿ ಹೊಲಿಗಿ ಗುಂಟ ಬಂದ್ಲು. ನಡುವನ ತ್ಯಾಪಿಗೆ ಬಂದು ನಿಂತ್ಲು. ಅಲ್ಲಿ ಹೊಲಿಗಿ ಬ್ಯಾರೆ ದಾರದ್ದು, ನನ್ನ ಹತ್ರ ಅವತ್ತು ಇದ್ದದ್ದು ಅದೇ ದಾರ. ನನ್ನ ಮಾರಿ ನೋಡಿದ್ಲು. ನಾ ಕೌದಿ ಮಡಚಿದೆ.  ಊಟ ನನಗ ಸೇರಲಿಲ್ಲ.

ಸಂಜಿ ಬಸ್ಸಿನ್ಯಾಗ ಸೊಸಿ ಖುಷಿ ಇದ್ಲು. ನಿಮ್ಮ ಮಾತಿಗೆ ಮಂದಿ ಚಪ್ಪಾಳಿ ಹೊಡೆದ್ರು ಅತ್ತಿ, ಫೋಟೋ ತಗದಾರ ಅಂತ ಹೇಳಿಕೋತ ಬಂದ್ಲು. ಊರು ಅರ್ಧ ದಾರಿ ಇದ್ದಾಗ ನಾ ಅಂದೆ.

"ಕಾಳು ಐತಿ ಇದರಾಗ."

"ಏನು?"

"ನಡುವ. ನಾನೇ ಹಾಕೀನಿ. ನೀ ಹೊರಗ ಹೋದಾಗ."

ಅಕಿ ಬೈತಾಳ ಅಂದುಕೊಂಡಿದ್ದೆ. ಬೈದಿದ್ರ ಬೇಸಿತ್ತು. ಕಿಡಕಿ ಕಡೆ ಮಾರಿ ಮಾಡಿ ಕುಂತಳು. ಎರಡು ಸ್ಟಾಪು ಹೋದಮ್ಯಾಲ ಅಂದ್ಲು: "ಅಷ್ಟ ಮಂದಿ ಮುಂದ ನಾ ಎದ್ದು ನಿಂತು ಹೇಳೂಮುಂದ ಸುಮ್ಮನ ಕುಂತಿದ್ರಲ್ಲ ಅತ್ತಿ."

 ಇಪ್ಪತ್ತೆರಡು ವರ್ಷ ಈ ಸೊಸಿ ಜೋಡಿ ಬಾಳೇ ಮಾಡೀನಿ, ಅಕಿ ಮುಂದ ತಲಿ ತಗ್ಗಿಸಿದ್ದು ಅವತ್ತೇ.

ಅಕಿ ಫೋನು ತಗದು ನೇಪಾಳಕ್ಕ ಹಚ್ಚಿ ನನ್ನ ಕೈಗೆ ಕೊಟ್ಟಳು. "ನೀವೇ ಹೇಳ್ರಿ. ಹಸಿದ ಕೌದಿ ಬೇಕೋ, ಬ್ಯಾಡೋ, ನೀವೂ ಅಕಿನೂ ಬಗೆಹರಿಸಿಕೊಳ್ರಿ."

ಹೇಳಿದೆ. ಮೂಲಿ ಕೊಯ್ದದ್ದು, ನಡುವ ತುಂಬಿಸಿದ್ದು, ಹುಳದ ಮಾತು, ಎಲ್ಲಾ. ಕಾಳು ದಾಟಿಸಬಾರದು, ಖಾಲಿ ಹೊಟ್ಟೀದು ಕಳಿಸಾಕ ನನಗ ಮನಸ್ಸಿಲ್ಲ ಅಂದೆ.

 ಎಲ್ಲಾ ಕೇಳಿ ಅಕಿ ಅಂದ್ಲು: "ಆಯಿ, ನಮ್ಮ ದೇಶದಾಗ ಅಕ್ಕಿ ಇಲ್ಲೇನು?"

ನಾ ಫೋನು ಇನ್ನೊಂದು ಕಿವಿಗೆ ಹಚ್ಚಿದೆ.

"ನಾವೇನು ಮಣ್ಣ ತಿಂತೀವೇನು ಇಲ್ಲಿ? ನೀ ಖಾಲಿ ಕಳಿಸು. ಇಲ್ಲಿ ನಾ ತುಂಬಸ್ತೀನಿ."

ಇಷ್ಟು ದಿನದಾಗ ಈ ಮಾತು ನನಗ ಹೊಳೆದಿರಲಿಲ್ಲ. ಗಡಿ ಆಚೆ ಅಂದರ ಅಲ್ಲಿ ಏನೂ ಇಲ್ಲ, ಎಲ್ಲಾ ನಾವೇ ಕಟ್ಟಿ ಕಳಿಸಬೇಕು ಅನ್ನುವಂಗ ತಿಳಕೊಂಡಿದ್ದೆ.

"ಮೂಲಿ ಹೊಲಿಯಾಕ ಬರ್ತತೇನು ನಿನಗ?"

"ಹನ್ನೆರಡ ವರ್ಷ ನಿನ್ನ ಬಾಜೂಕ ಕುಂತೀನಿ. ಬೈಗಳ ಅಷ್ಟೇ ಕಲ್ತೀನಿ ಅಂತ ತಿಳದೀಯೇನು?"

ಬಾಜೂಕ ಸೊಸಿ ಇನ್ನೂ ಕಿಡಕಿ ಕಡೇನೇ ನೋಡ್ತಿದ್ಲು. ಆದರ ಭುಜ ಅಲುಗ್ಯಾಡ್ತಿತ್ತು, ನಗಾಕ ಹತ್ತಿದ್ಲು ಕಾಣ್ತದ. ನನಗ ನಗು ಬರಲಿಲ್ಲ. ಬಸ್ಸು ಯಾವಾಗ ಮುಟ್ಟತೈತಿ ಅಂತ ಕಾಯ್ತಿದ್ದೆ.

ಮರುದಿನ ಮುಂಜಾನೆ ಬೆಳಕು ಸರಿ ಆದ ಮ್ಯಾಲ ಚಾಳೀಸಿನ ಕನ್ನಡಕ ಹಾಕಿಕೊಂಡು ಹೊಸ್ತಿಲದಾಗ ಕುಂತೆ. ಸೊಸಿನ್ನ ಕರದು ಎದುರಿಗೆ ಕೂಡ್ರಿಸಿದೆ. ಅಕಿ ನೋಡೂ ಹಂಗ ನಡುವನ ತ್ಯಾಪಿ ಬಿಚ್ಚಿ ಐದು ಕಾಳು ಒಂದೊಂದೇ ತಗದು ಅಕಿ ಅಂಗೈಯಾಗ ಇಟ್ಟೆ. ತ್ಯಾಪಿ ಅದೇ ದಾರದಿಂದ ಮತ್ತ ಮುಚ್ಚಿದೆ. ಕಡೇ ಮೂಲಿ ಬಿಚ್ಚಿ ಎರಡು ಬೆರಳು ಹೋಗುವಷ್ಟು ಬಾಯಿ ಬಿಟ್ಟೆ, ನೇಪಾಳದಾಕಿ ಮುಚ್ಚಿ ಹೊಲೀಲಿ ಅಂತ ಒಂದು ಗೇಣು ದಾರ ಹಂಗೇ ಜೋತುಬಿಟ್ಟೆ. ಕೌದಿ ಪೂರಾ ಕೈಲೆ ಹಿಚುಕಿ ನೋಡಿ ಸೊಸಿ ಕಾಗದ ತುಂಬಿದ್ಲು. ಒಳಗ ಏನೈತಿ ಅಂತ ಕೇಳಿದ್ಲು. ಅರಿವಿ ಅಂದೆ. ಅಕಿ ಪೋಸ್ಟಿಗೆ ಹೋದಳು. ನಾ ಎದ್ದು, ಅಕಿ ಹೊಸ್ತಿಲದಾಗ ಇಟ್ಟು ಹೋದ ಆ ಐದು ಕಾಳು ಅನ್ನಕ್ಕ ಕುದಿಯೂ ಎಸರಿಗೆ ಹಾಕಿದೆ.